ಆರಿಸಿದರೂ ಆರದ ಶಾಖ: ಅಣು ವಿದ್ಯುತ್ ಸ್ಥಾವರದ ಮೊದಲ ಪಾಠ

ಮುಂಬಯಿಯ ಪವಾಯಿಯಲ್ಲಿ ಅಣು ವಿದ್ಯುತ್ ಸ್ಥಾವರ ಇಲ್ಲ. ಆದರೂ ಅದರ ಪಾಠ ಶುರುಮಾಡಲು ಇದು ಒಳ್ಳೆಯ ಜಾಗ. ಇಲ್ಲಿಂದ ದಕ್ಷಿಣಕ್ಕೆ, ನೇರ ಅಳತೆಯಲ್ಲಿ ಸುಮಾರು 12 ಕಿಲೋಮೀಟರ್ ದೂರದಲ್ಲಿ, ದೇಶದ ಮೊದಲ ರಿಯಾಕ್ಟರ್ ಚಾಲೂ ಆದ ಟ್ರಾಂಬೆ ಇದೆ. ಉತ್ತರಕ್ಕೆ 80 ಕಿಲೋಮೀಟರಿಗೆ ತುಸು ಮೇಲೆ, ಪಾಲ್ಘರ್ ಜಿಲ್ಲೆಯ ಕಡಲ ದಂಡೆಯಲ್ಲಿ, ದೇಶಕ್ಕೆ ಮೊದಲು ಅಣು ವಿದ್ಯುತ್ ಕೊಟ್ಟ ತಾರಾಪುರ ಇದೆ. ಇನ್ನು ಪವಾಯಿಯ ಒಳಗೇ ಲಾರ್ಸೆನ್ ಅಂಡ್ ಟೂಬ್ರೊ ಕಂಪನಿಯ ನೆಲ. 1948ರಲ್ಲಿ ಜೌಗು ಮತ್ತು ಕಾಡು ತುಂಬಿದ್ದ 55 ಎಕರೆ ಕೊಂಡು ಕಂಪನಿ ಇಲ್ಲಿ ಕಾರ್ಖಾನೆ ಕಟ್ಟಿತು. ಮುಂದೆ ಸ್ವದೇಶಿ ರಿಯಾಕ್ಟರುಗಳಿಗೆ ಬೇಕಾದ ದೊಡ್ಡ ಉಕ್ಕಿನ ಪಾತ್ರೆಗಳು ಇಲ್ಲಿ ಬೆಸುಗೆಯಾದವು. ಈಗ ಆ ಭಾರಿ ಕೆಲಸ ಬಹುಪಾಲು ಗುಜರಾತಿನ ಹಜೀರಾಕ್ಕೆ ಹೋಗಿದೆ, ಇಲ್ಲಿ ಆಫೀಸುಗಳೂ ವಸತಿ ಗೋಪುರಗಳೂ ಎದ್ದಿವೆ.

ಈ ಲೇಖನ ವಿಜ್ಞಾನ ಓದದವರಿಗಾಗಿ ಬರೆದದ್ದು. ಹತ್ತನೆಯ ತರಗತಿಯ ಭೌತಶಾಸ್ತ್ರ ಮರೆತುಹೋಗಿದ್ದರೂ ಅಡ್ಡಿಯಿಲ್ಲ. ಉದಾಹರಣೆಗೆ ನಮ್ಮದೇ ಕರ್ನಾಟಕದ ಕೈಗಾ ಸ್ಥಾವರವನ್ನು ಇಟ್ಟುಕೊಳ್ಳೋಣ. ಕೊನೆ ಮುಟ್ಟುವ ಹೊತ್ತಿಗೆ ನಿಮಗೆ ಮುಖ್ಯವಾಗಿ ಒಂದೇ ಸಂಗತಿ ನೆನಪಿರಬೇಕೆಂದು ನನ್ನ ಆಸೆ: ಅಣು ಸ್ಥಾವರದಲ್ಲಿ ಶಾಖ ಹುಟ್ಟಿಸುವುದಕ್ಕಿಂತ, ಸ್ಥಾವರ ನಿಲ್ಲಿಸಿದ ಮೇಲೆ ಉಳಿಯುವ ಶಾಖವನ್ನು ಸಾಗಿಸುವುದು ಕಷ್ಟದ ಕೆಲಸ. ಆ ಕಟ್ಟಡಗಳು ಅಷ್ಟು ದಪ್ಪಗಿರುವುದಕ್ಕೂ ಅಷ್ಟು ದುಬಾರಿಯಾಗಿರುವುದಕ್ಕೂ ಇದೇ ಮುಖ್ಯ ಕಾರಣ.

ಮೊದಲು ಸುಲಭದ ಭಾಗ

ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಉರಿಸಿ ನೀರು ಕಾಯಿಸುತ್ತಾರೆ. ನೀರು ಉಗಿಯಾಗುತ್ತದೆ, ಉಗಿ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ, ಟರ್ಬೈನಿಗೆ ಜೋಡಿಸಿದ ಜನರೇಟರ್ ವಿದ್ಯುತ್ ಕೊಡುತ್ತದೆ. ಕೈಗಾದಲ್ಲೂ ಉಗಿಯಿಂದ ಮುಂದಿನ ಕಥೆ ಇದೇ. ಅಲ್ಲಿಯೂ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ವ್ಯತ್ಯಾಸವಿರುವುದು ನೀರು ಕಾಯಿಸುವ ಒಲೆಯಲ್ಲಿ, ಅಂದರೆ ರಿಯಾಕ್ಟರಿನಲ್ಲಿ. ಅಲ್ಲಿ ಏನೂ ಉರಿಯುವುದಿಲ್ಲ. ಯುರೇನಿಯಂ ಪರಮಾಣುವಿನ ನಡುವಣ ನ್ಯೂಕ್ಲಿಯಸ್ ಒಡೆದು ಎರಡು ಹೋಳಾಗುತ್ತದೆ. ಹೋಳುಗಳು ರಭಸದಿಂದ ಸಿಡಿದು ಅಕ್ಕಪಕ್ಕದ ಪರಮಾಣುಗಳಿಗೆ ಬಡಿಯುತ್ತವೆ, ಆ ಬಡಿತವೇ ಶಾಖ. ಇದನ್ನು ವಿದಳನ ಎನ್ನುತ್ತಾರೆ.

ಜರ್ಮನಿಯಲ್ಲಿ ಓಟ್ಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ 1938ರ ಡಿಸೆಂಬರಿನಲ್ಲಿ ಇದನ್ನು ಪ್ರಯೋಗದಲ್ಲಿ ಕಂಡರು. ಕಂಡದ್ದು ಏನೆಂದು ವಿವರಿಸಿದವರು ದೇಶ ಬಿಟ್ಟು ಸ್ವೀಡನ್ನಿಗೆ ಹೋಗಿದ್ದ ಲೀಸ ಮೈಟ್ನರ್ ಮತ್ತು ಅವರ ಅಕ್ಕನ ಮಗ ಓಟ್ಟೊ ಫ್ರಿಶ್. ಒಂದು ವಿದಳನದಿಂದ ಮುಂದಿನದು, ಅದರಿಂದ ಇನ್ನೊಂದು ಹೀಗೆ ಸರಪಳಿ ಕಟ್ಟಬಹುದೆಂದು 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಎನ್ರಿಕೊ ಫರ್ಮಿಯ ತಂಡ ತೋರಿಸಿತು. ಅಣುಶಕ್ತಿಯಿಂದ ತಂತಿಗೆ ವಿದ್ಯುತ್ ಹರಿಸಿದ ಮೊದಲ ಸ್ಥಾವರ 1954ರ ಜೂನಿನಲ್ಲಿ ಸೋವಿಯತ್ ಒಕ್ಕೂಟದ ಓಬ್ನಿನ್ಸ್ಕ್‌ನಲ್ಲಿ ಶುರುವಾಯಿತು. ಅದರ ಶಕ್ತಿ ಕೇವಲ 5 ಮೆಗಾವಾಟ್.

ನ್ಯೂಟ್ರಾನಿನ ಓಟ

ಸರಪಳಿಯ ಕೊಂಡಿ ನ್ಯೂಟ್ರಾನ್ ಎಂಬ ಕಣ. ಒಂದು ನ್ಯೂಟ್ರಾನ್ ಬಡಿದಾಗ ಯುರೇನಿಯಂ ಒಡೆಯುತ್ತದೆ, ಒಡೆದಾಗ ಎರಡೋ ಮೂರೋ ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಸರಾಸರಿ ಒಂದು ಮಾತ್ರ ಮುಂದಿನ ವಿದಳನಕ್ಕೆ ಕಾರಣವಾದರೆ ಶಾಖ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದಕ್ಕಿಂತ ಹೆಚ್ಚಾದರೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ರಿಯಾಕ್ಟರ್ ನಡೆಸುವುದೆಂದರೆ ಈ ಒಂದನ್ನು ಒಂದಾಗಿಯೇ ಇಡುವುದು.

ಇಲ್ಲೊಂದು ತೊಡಕಿದೆ. ಹೊಸದಾಗಿ ಹುಟ್ಟಿದ ನ್ಯೂಟ್ರಾನಿನ ವೇಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ಅಷ್ಟು ವೇಗದ ಕಣ ಯುರೇನಿಯಮ್ಮಿಗೆ ಸುಲಭವಾಗಿ ಸಿಗುವುದಿಲ್ಲ. ಅದನ್ನು ಸೆಕೆಂಡಿಗೆ ಎರಡು ಕಿಲೋಮೀಟರಿನ ಆಸುಪಾಸಿಗೆ ಇಳಿಸಬೇಕು. ಇಳಿಸುವ ವಸ್ತುವಿಗೆ ಮಂದಕ ಎಂದು ಹೆಸರು. ಜೊತೆಗೆ, ಗಣಿಯಿಂದ ಬಂದ ಯುರೇನಿಯಮ್ಮಿನ ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ–235 ಇರುವುದು ಏಳು ಮಾತ್ರ. ಉಳಿದವು ಹೆಚ್ಚುಕಡಿಮೆ ಎಲ್ಲ ಯುರೇನಿಯಂ–238.

ಈ ಏಳರಿಂದಲೇ ಸರಪಳಿ ನಡೆಸಲು ಎರಡು ದಾರಿಗಳಿವೆ. ಒಂದು, ದುಬಾರಿ ಯಂತ್ರಗಳಲ್ಲಿ ಯುರೇನಿಯಂ–235ರ ಪಾಲನ್ನು ಏರಿಸಿ, ಸಾಮಾನ್ಯ ನೀರನ್ನೇ ಮಂದಕವಾಗಿ ಬಳಸುವುದು. ಇನ್ನೊಂದು, ಯುರೇನಿಯಮ್ಮನ್ನು ಇದ್ದ ಹಾಗೇ ಬಳಸಿ ಮಂದಕವನ್ನು ಬದಲಿಸುವುದು. ಸಾಮಾನ್ಯ ನೀರು ನ್ಯೂಟ್ರಾನುಗಳ ವೇಗ ತಗ್ಗಿಸುತ್ತದೆ, ಆದರೆ ಒಂದಷ್ಟನ್ನು ನುಂಗಿಯೂ ಬಿಡುತ್ತದೆ. ಜಲಜನಕದ ಜಾಗದಲ್ಲಿ ಅದರ ಭಾರವಾದ ರೂಪ ಡ್ಯುಟೀರಿಯಂ ಇರುವ ಭಾರಜಲ ಬಹಳ ಕಡಿಮೆ ನುಂಗುತ್ತದೆ. ಭಾರತ ಮುಖ್ಯವಾಗಿ ಹಿಡಿದದ್ದು ಈ ಎರಡನೆಯ ದಾರಿ. ಏಕೆಂಬುದನ್ನು ಚರಿತ್ರೆಯ ಭಾಗದಲ್ಲಿ ನೋಡೋಣ.

ಇನ್ನೊಂದು ಸಣ್ಣ ಸಂಗತಿ ಇಲ್ಲೇ ಹೇಳಬೇಕು. ನ್ಯೂಟ್ರಾನುಗಳೆಲ್ಲ ವಿದಳನವಾದ ಕ್ಷಣದಲ್ಲೇ ಹುಟ್ಟುವುದಿಲ್ಲ. ಸಾವಿರಕ್ಕೆ ಆರೇಳು, ಕೆಲವು ಸೆಕೆಂಡು ತಡೆದು ಬರುತ್ತವೆ. ಈ ತಡವಾಗಿ ಬರುವ ಕೆಲವೇ ನ್ಯೂಟ್ರಾನುಗಳಿಂದಾಗಿ ಶಾಖದ ಏರಿಳಿತ ಮನುಷ್ಯನ ಕೈಗೂ ಯಂತ್ರದ ಕೈಗೂ ಸಿಗುವಷ್ಟು ನಿಧಾನವಾಗಿದೆ. ಅವು ಇಲ್ಲದಿದ್ದರೆ ರಿಯಾಕ್ಟರನ್ನು ಹಿಡಿತದಲ್ಲಿಡುವುದೇ ಆಗುತ್ತಿರಲಿಲ್ಲ.

ಕೈಗಾದ ಒಳಗೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಗೆ ಕಟ್ಟಿದ ಕದ್ರಾ ಜಲಾಶಯದ ಪಕ್ಕದಲ್ಲಿ ಕೈಗಾ ಇದೆ. ಇಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ನಾಲ್ಕೂ ಒತ್ತಡದ ಭಾರಜಲ ರಿಯಾಕ್ಟರುಗಳು.

ಒಂದು ಘಟಕದ ಹೃದಯದಲ್ಲಿ ಅಡ್ಡಲಾಗಿ ಮಲಗಿಸಿದ ದೊಡ್ಡ ಉಕ್ಕಿನ ಪೀಪಾಯಿ ಇದೆ. ಅದರ ಹೆಸರು ಕ್ಯಾಲಾಂಡ್ರಿಯ. ಈ ಕಡೆಯಿಂದ ಆ ಕಡೆಗೆ ಅದರೊಳಗೆ 306 ಕೊಳವೆಗಳು ಹಾದುಹೋಗುತ್ತವೆ. ಪ್ರತಿ ಕೊಳವೆಯಲ್ಲೂ ಹನ್ನೆರಡು ಇಂಧನದ ಕಟ್ಟುಗಳು, ಅಂದರೆ ಒಟ್ಟು 3,672. ಒಂದು ಕಟ್ಟಿನ ಉದ್ದ ಸುಮಾರು ಅರ್ಧ ಮೀಟರ್, ತೂಕ ಹದಿನಾರು ಕಿಲೋ ಚಿಲ್ಲರೆ. ಅದರಲ್ಲಿ 19 ತೆಳು ಲೋಹದ ಕಡ್ಡಿಗಳು, ಕಡ್ಡಿಗಳೊಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು. ಈ ಕಟ್ಟುಗಳು ಬರುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿನಿಂದ.

ಒಂದು ಕಟ್ಟು ರಿಯಾಕ್ಟರಿನಲ್ಲಿದ್ದಷ್ಟು ಕಾಲ ಕೊಡುವ ವಿದ್ಯುತ್ತನ್ನು ಲೆಕ್ಕ ಹಾಕಿದರೆ ಸುಮಾರು 6 ಲಕ್ಷ ಯುನಿಟ್. ತಿಂಗಳಿಗೆ 250 ಯುನಿಟ್ ಬಳಸುವ ಮನೆಯೊಂದಕ್ಕೆ ಇದು ಇನ್ನೂರು ವರ್ಷ ಸಾಕು. ಪೂರ್ಣ ಶಕ್ತಿಯಲ್ಲಿ ಓಡುವ ಘಟಕಕ್ಕೆ ದಿನಕ್ಕೆ ಎಂಟೊಂಬತ್ತು ಹೊಸ ಕಟ್ಟುಗಳು ಬೇಕು. ಕಲ್ಲಿದ್ದಲಿನ ಸ್ಥಾವರಕ್ಕೆ ರೈಲುಗಟ್ಟಲೆ ಸರಕು ಬೇಕಾದ ಕೆಲಸ ಇಲ್ಲಿ ಒಂದು ಸಣ್ಣ ವಾಹನದಷ್ಟು ಸರಕಿನಲ್ಲಿ ಮುಗಿಯುತ್ತದೆ. ಕಟ್ಟು ಬದಲಿಸಲು ರಿಯಾಕ್ಟರನ್ನು ನಿಲ್ಲಿಸುವುದೂ ಬೇಡ. ಕೊಳವೆಯ ಎರಡು ತುದಿಗೂ ಯಂತ್ರಗಳು ಬಂದು ಕಚ್ಚಿಕೊಂಡು, ಒಂದು ಕಡೆಯಿಂದ ಹೊಸತನ್ನು ತಳ್ಳಿ ಇನ್ನೊಂದು ಕಡೆಯಿಂದ ಹಳೆಯದನ್ನು ಎಳೆದುಕೊಳ್ಳುತ್ತವೆ. ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡುವಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದು ಈ ಅನುಕೂಲದಿಂದಲೇ. ಆ ದಾಖಲೆಯನ್ನು ಮುಂದೆ ಮುರಿದ ಕೆನಡಾದ ಡಾರ್ಲಿಂಗ್ಟನ್ ಘಟಕವೂ ಇದೇ ಕುಲದ್ದು.

ಸ್ಥಾವರದಲ್ಲಿ ಹರಿಯುವ ನೀರುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಕ್ಯಾಲಾಂಡ್ರಿಯದಲ್ಲಿ ಕೊಳವೆಗಳ ಸುತ್ತ ನಿಂತಿರುವುದು ಮಂದಕದ ಭಾರಜಲ. ಇದಕ್ಕೆ ಒತ್ತಡವೂ ಕಡಿಮೆ, ಬಿಸಿಯೂ ಕಡಿಮೆ. ಕೊಳವೆಗಳ ಒಳಗೆ ಇಂಧನವನ್ನು ಸವರಿಕೊಂಡು ಹರಿಯುವುದು ಇನ್ನೊಂದು ಭಾರಜಲ. ಅದು ಸುಮಾರು 290 ಡಿಗ್ರಿವರೆಗೆ ಕಾಯುತ್ತದೆ, ಆದರೆ ವಾಯುಮಂಡಲದ ಎಂಬತ್ತು ಪಟ್ಟಿಗೂ ಮೀರಿದ ಒತ್ತಡದಲ್ಲಿರುವುದರಿಂದ ಕುದಿದು ಉಗಿಯಾಗುವುದಿಲ್ಲ. ಅದು ಸ್ಟೀಮ್ ಜನರೇಟರಿಗೆ ಹೋಗಿ, ತೆಳು ಕೊಳವೆಗಳ ಗೋಡೆಯ ಮೂಲಕ ಶಾಖವನ್ನಷ್ಟೇ ಸಾಮಾನ್ಯ ನೀರಿಗೆ ದಾಟಿಸಿ ಹಿಂತಿರುಗುತ್ತದೆ. ಹಾಗೆ ಕಾದ ಸಾಮಾನ್ಯ ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಮತ್ತೆ ನೀರಾಗಿಸಲು ಕದ್ರಾ ಜಲಾಶಯದ ನೀರು ಬೇಕು. ಒಂದರ ನೀರು ಇನ್ನೊಂದಕ್ಕೆ ಬೆರೆಯದಂತೆ ನಡುವೆ ಲೋಹದ ಗೋಡೆಗಳಿವೆ.

ರಿಯಾಕ್ಟರಿನಲ್ಲಿ ಹುಟ್ಟುವ ಶಾಖ ಸುಮಾರು 750 ಮೆಗಾವಾಟ್, ತಂತಿಗೆ ಹೋಗುವುದು 220. ಉಳಿದದ್ದು ಜಲಾಶಯಕ್ಕೆ. ಆದ್ದರಿಂದಲೇ ತಾರಾಪುರ ಅರಬ್ಬೀ ಕಡಲಿನ ದಂಡೆಯಲ್ಲಿದೆ, ಕಲ್ಪಾಕ್ಕಂ ಬಂಗಾಳ ಕೊಲ್ಲಿಯ ದಂಡೆಯಲ್ಲಿದೆ, ಕೈಗಾ ಕಾಳಿಯ ದಂಡೆಯಲ್ಲಿದೆ.

ನಿಲ್ಲಿಸುವುದು ಒಂದು, ತಣಿಸುವುದು ಇನ್ನೊಂದು

ಈಗ ಪಾಠದ ಮುಖ್ಯ ಭಾಗ. ಏನಾದರೂ ತೊಂದರೆ ಕಂಡರೆ ರಿಯಾಕ್ಟರನ್ನು ನಿಲ್ಲಿಸುವುದು ಹೇಗೆ? ನ್ಯೂಟ್ರಾನುಗಳನ್ನು ನುಂಗುವ ಕ್ಯಾಡ್ಮಿಯಂ ಸರಳುಗಳನ್ನು ರಿಯಾಕ್ಟರಿನ ಮೇಲೆ ಹಿಡಿದಿಟ್ಟಿರುತ್ತಾರೆ. ಸಂಕೇತ ಬಂದರೆ, ಅಥವಾ ಕರೆಂಟೇ ಹೋದರೆ, ಹಿಡಿತ ಬಿಟ್ಟು ಅವು ತಮ್ಮ ಭಾರಕ್ಕೇ ಕೆಳಗಿಳಿಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಸರಪಳಿ ಕಡಿಯುತ್ತದೆ. ಅದು ಕೈಕೊಟ್ಟರೆ ಇರಲೆಂದು ಬೋರಾನ್ ಇರುವ ದ್ರವವನ್ನು ನುಗ್ಗಿಸುವ ಎರಡನೆಯ ವ್ಯವಸ್ಥೆ ಬೇರೆಯೇ ಇದೆ. ಬಾಂಬಿನಂತೆ ಇದು ಸಿಡಿಯುವುದಿಲ್ಲವೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಸಾವಿರಕ್ಕೆ ಏಳು ಪರಮಾಣುಗಳಷ್ಟೇ ಒಡೆಯುವಂಥ ಇಂಧನದಿಂದ ಅಣುಬಾಂಬಿನ ಸ್ಫೋಟ ಆಗದು.

ಹಾಗಾದರೆ ಭಯ ಯಾವುದರದು? ಒಡೆದ ಯುರೇನಿಯಮ್ಮಿನ ಹೋಳುಗಳು ತಾವೇ ಅಸ್ಥಿರ. ಸರಪಳಿ ನಿಂತ ಮೇಲೂ ಅವು ವಿಕಿರಣ ಸೂಸುತ್ತ, ಶಾಖ ಬಿಡುತ್ತ ಹೋಗುತ್ತವೆ. ಬೂದಿ ಮುಚ್ಚಿದ ಕೆಂಡದಂತೆ, ಆದರೆ ಈ ಕೆಂಡಕ್ಕೆ ನೀರು ಎರಚಿದರೂ ಆರದು. ಅದರ ಶಾಖವನ್ನು ಸಾಗಿಸುತ್ತಲೇ ಇರಬೇಕು. ನಿಲ್ಲಿಸಿದ ಕ್ಷಣದಲ್ಲಿ ಈ ಉಳಿಕೆಯ ಶಾಖ ಪೂರ್ಣ ಶಕ್ತಿಯ ಶೇಕಡ 6ರಿಂದ 7. ಕೈಗಾದಂಥ ಘಟಕದಲ್ಲಿ ಅದು ಹತ್ತಿರ ಹತ್ತಿರ 50 ಮೆಗಾವಾಟ್. ಒಂದು ಗಂಟೆಯ ಹೊತ್ತಿಗೆ ಸುಮಾರು 11, ಒಂದು ದಿನದ ಮೇಲೆ ಸುಮಾರು 4 ಮೆಗಾವಾಟ್. ಈ ಶಾಖವನ್ನು ಯಾರೂ ಸಾಗಿಸದಿದ್ದರೆ ಇಂಧನವೇ ಕರಗುತ್ತದೆ.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. ಭೂಕಂಪವಾದ ಕೂಡಲೇ ಓಡುತ್ತಿದ್ದ ಮೂರು ರಿಯಾಕ್ಟರುಗಳೂ ನಿಯಮದಂತೆ ನಿಂತವು. ಆದರೆ ಸುನಾಮಿಯ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ಪಂಪುಗಳಿಗೆ ವಿದ್ಯುತ್ ಸಿಗಲಿಲ್ಲ. ಉಳಿಕೆಯ ಶಾಖ ಮೂರರಲ್ಲೂ ಇಂಧನವನ್ನು ಕರಗಿಸಿತು.

ಅದಕ್ಕೂ ಹದಿನೆಂಟು ವರ್ಷ ಮೊದಲು ನಮ್ಮಲ್ಲೇ ಒಂದು ಪರೀಕ್ಷೆಯಾಗಿತ್ತು. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾದ ಮೊದಲ ಘಟಕದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹತ್ತಿತು. ಕೇಬಲ್ಲುಗಳು ಸುಟ್ಟು ಸುಮಾರು 17 ಗಂಟೆ ಘಟಕಕ್ಕೆ ಕರೆಂಟೇ ಇರಲಿಲ್ಲ. ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು. ನೌಕರರು ಟಾರ್ಚ್ ಹಿಡಿದು ಮೇಲೆ ಹತ್ತಿ ಕೈಯಾರೆ ಬೋರಾನ್ ದ್ರವ ಬಿಟ್ಟರು. ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ಬಿಸಿ ಭಾರಜಲ ಮೇಲೇರಿ, ತಣಿದದ್ದು ಕೆಳಗಿಳಿದು, ಪಂಪಿಲ್ಲದೆಯೇ ಸುತ್ತು ಹೊಡೆಯಿತು. ಇಂಧನ ಉಳಿಯಿತು, ವಿಕಿರಣ ಹೊರಬರಲಿಲ್ಲ. ಸ್ಟೀಮ್ ಜನರೇಟರನ್ನು ರಿಯಾಕ್ಟರಿಗಿಂತ ಎತ್ತರದಲ್ಲಿ ಕೂರಿಸುವುದರ ಲಾಭ ಆ ದಿನ ಕಂಡಿತು.

ಗೋಡೆಗಳ ಮೇಲೆ ಗೋಡೆ

ನಿಲ್ಲಿಸುವುದು, ತಣಿಸುವುದು ಆಯಿತು. ಮೂರನೆಯ ಕೆಲಸ, ಏನೇ ಆದರೂ ವಿಕಿರಣದ ವಸ್ತು ಹೊರಗೆ ಹೋಗದಂತೆ ತಡೆದಿಡುವುದು. ಮೊದಲ ತಡೆ ಇಂಧನದ ಬಿಲ್ಲೆಯೇ, ಎರಡನೆಯದು ಅದರ ಲೋಹದ ಕವಚ, ಮೂರನೆಯದು ಭಾರಜಲದ ಕೊಳವೆಗಳ ವ್ಯೂಹ, ಕೊನೆಯದು ಕಾಂಕ್ರೀಟಿನ ಗುಮ್ಮಟ. ಕೈಗಾದಲ್ಲಿ ಗುಮ್ಮಟ ಇಬ್ಬಗೆಯದು, ಒಂದರೊಳಗೆ ಇನ್ನೊಂದು. ಕಟ್ಟುವ ಹಂತದಲ್ಲಿದ್ದಾಗ, 1994ರ ಮೇ 13ರಂದು, ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಬಿಟ್ಟು ಕುಸಿಯಿತು. ಆಗ ಒಳಗೆ ಇಂಧನ ಇರಲಿಲ್ಲ. ವಿನ್ಯಾಸವನ್ನೇ ತಿದ್ದಿ ಮತ್ತೆ ಕಟ್ಟಬೇಕಾಯಿತು. ಹೀಗಾಗಿ 2000ನೆಯ ಇಸವಿಯಲ್ಲಿ ಮೊದಲು ವಿದ್ಯುತ್ ಮಾರಲು ಶುರುಮಾಡಿದ್ದು ಎರಡನೆಯ ಘಟಕ, ಮಾರ್ಚಿನಲ್ಲಿ. ಮೊದಲನೆಯದು ನವೆಂಬರಿನಲ್ಲಿ ಹಿಂಬಾಲಿಸಿತು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಸೇರಿದವು.

ಗುಮ್ಮಟ ಎಷ್ಟು ಮುಖ್ಯವೆಂದು ಎರಡು ವಿದೇಶಿ ಅಪಘಾತಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡಿನಲ್ಲಿ ತಣಿಸುವುದರಲ್ಲಿ ಎಡವಿ ಇಂಧನದ ದೊಡ್ಡ ಭಾಗ ಕರಗಿತು. ಗುಮ್ಮಟ ಗಟ್ಟಿಯಾಗಿದ್ದರಿಂದ ಹೊರಗೆ ಹೋದ ವಿಕಿರಣ ತೀರ ಕಡಿಮೆ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಸರಪಳಿಯೇ ಹಿಡಿತ ತಪ್ಪಿ ರಿಯಾಕ್ಟರ್ ಸಿಡಿಯಿತು. ಅಂಥ ಗುಮ್ಮಟ ಅಲ್ಲಿರಲಿಲ್ಲ, ವಿಕಿರಣ ಯುರೋಪಿನ ಉದ್ದಗಲಕ್ಕೂ ಹರಡಿತು.

ಬೆಂಗಳೂರು, ಟ್ರಾಂಬೆ, ತಾರಾಪುರ

ಈಗ ಚರಿತ್ರೆ. ರಜೆಗೆಂದು ಕೇಂಬ್ರಿಜ್‌ನಿಂದ ಬಂದಿದ್ದ ಭೌತವಿಜ್ಞಾನಿ ಹೋಮಿ ಭಾಭಾ ಎರಡನೆಯ ಮಹಾಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದು ಅಲ್ಲಿಯೇ. ಅದೇ ವರ್ಷ ಮುಂಬಯಿಗೆ ಬಂತು. 1954ರಲ್ಲಿ ಟ್ರಾಂಬೆಯಲ್ಲಿ ಅಣುಶಕ್ತಿ ಕೇಂದ್ರ ತಲೆಯೆತ್ತಿತು. 1956ರ ಆಗಸ್ಟ್ 4ರಂದು ಅಲ್ಲಿ ಅಪ್ಸರಾ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ಶುರುವಾಯಿತು. ಇದು ಸಂಶೋಧನೆಯ ರಿಯಾಕ್ಟರ್, ವಿದ್ಯುತ್ತಿಗಲ್ಲ. ಅದಕ್ಕಾಗಿ ದುಡಿದವರಲ್ಲಿ ಇಬ್ಬರು ಕನ್ನಡಿಗರಿದ್ದರು. ಒಬ್ಬರು ತುಮಕೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ, ಇನ್ನೊಬ್ಬರು ಬೆಂಗಳೂರಿನ ಎಂಜಿನಿಯರ್ ಎಂ.ಆರ್. ಶ್ರೀನಿವಾಸನ್. ಮುಂದೆ ಇಬ್ಬರೂ ಒಬ್ಬರ ಹಿಂದೊಬ್ಬರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಭಾಭಾ 1966ರಲ್ಲಿ ಆಲ್ಪ್ಸ್ ಪರ್ವತದಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದ ಮೇಲೆ, 1967ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು.

ತಾರಾಪುರದ ಮೊದಲ ಎರಡು ಘಟಕಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕಟ್ಟಿಕೊಟ್ಟಿತು. 1969ರ ಅಕ್ಟೋಬರಿನಲ್ಲಿ ಅವು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇವುಗಳ ಬಗೆ ಬೇರೆ: ರಿಯಾಕ್ಟರಿನಲ್ಲಿಯೇ ನೀರು ಕುದಿದು ಉಗಿಯಾಗಿ ಟರ್ಬೈನಿಗೆ ಹೋಗುತ್ತದೆ. ಇಂಧನ ಯುರೇನಿಯಂ–235ರ ಪಾಲು ಏರಿಸಿದ್ದು, ಅದು ಅಮೆರಿಕದಿಂದಲೇ ಬರಬೇಕಿತ್ತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಕೆನಡಾದ ನೆರವಿನಿಂದ ಭಾರಜಲದ ಮೊದಲ ಘಟಕ 1973ರಲ್ಲಿ ಓಡತೊಡಗಿತು.

1974ರ ಮೇ 18ರಂದು ಪೋಖರಣದಲ್ಲಿ ಅಣು ಸ್ಫೋಟದ ಪ್ರಯೋಗವಾಯಿತು. ಕೆನಡಾ ನೆರವು ನಿಲ್ಲಿಸಿತು. ತಾರಾಪುರದ ಇಂಧನಕ್ಕೂ ಅಮೆರಿಕ ತಕರಾರು ತೆಗೆದು, ಕೊನೆಗೆ ಫ್ರಾನ್ಸಿನಿಂದ ತರಬೇಕಾಯಿತು. ಭಾರಜಲದ ದಾರಿಯ ಬೆಲೆ ಆಗ ತಿಳಿಯಿತು: ನಮ್ಮ ಗಣಿಯ ಯುರೇನಿಯಂ, ನಾವೇ ತಯಾರಿಸುವ ಭಾರಜಲ, ನಮ್ಮ ಕಾರ್ಖಾನೆಗಳ ಪಾತ್ರೆಗಳು. ರಾವತ್‌ಭಾಟಾದ ಎರಡನೆಯ ಘಟಕವನ್ನು ನಮ್ಮವರೇ ಮುಗಿಸಿದರು. ಶ್ರೀನಿವಾಸನ್ ಮುಖ್ಯ ಎಂಜಿನಿಯರಾಗಿ ಶುರುಮಾಡಿದ್ದ ಕಲ್ಪಾಕ್ಕಂ ಸ್ಥಾವರದ ಮೊದಲ ಘಟಕ 1984ರಲ್ಲಿ ಉತ್ಪಾದನೆಗೆ ಬಂತು. ಪವಾಯಿಯ ಕಾರ್ಖಾನೆಗೆ ಮಹತ್ವ ಬಂದದ್ದು ಈ ಘಟ್ಟದಲ್ಲಿ. ದಶಕಗಟ್ಟಲೆ ವಿಕಿರಣದ ನಡುವೆ ಇರಬೇಕಾದ ಪಾತ್ರೆಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಆಗದು, ಆಮೇಲೆ ಒಳಗೆ ಹೋಗಿ ರಿಪೇರಿ ಮಾಡುವುದೂ ಸುಲಭವಲ್ಲ. ಅಂಥ ಕೆಲಸವನ್ನು ಇಲ್ಲಿಯ ಎಂಜಿನಿಯರುಗಳೂ ವೆಲ್ಡರುಗಳೂ ಕಲಿತರು.

1987ರಲ್ಲಿ ಸ್ಥಾವರಗಳನ್ನು ಕಟ್ಟಿ ನಡೆಸಲು ಮುಂಬಯಿ ಕೇಂದ್ರವಾಗಿ ಭಾರತೀಯ ಪರಮಾಣು ವಿದ್ಯುತ್ ನಿಗಮ ಹುಟ್ಟಿತು. 2005 ಮತ್ತು 2006ರಲ್ಲಿ ತಾರಾಪುರಕ್ಕೆ ತಲಾ 540 ಮೆಗಾವಾಟಿನ ಎರಡು ಸ್ವದೇಶಿ ಘಟಕಗಳು ಸೇರಿದವು. ಗುಜರಾತಿನ ಕಾಕ್ರಾಪಾರದಲ್ಲಿ 700 ಮೆಗಾವಾಟಿನ ಮೊದಲ ಘಟಕ 2023ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿತು. ಕೈಗಾದಲ್ಲಿ ಕಟ್ಟುತ್ತಿರುವ ಐದು ಮತ್ತು ಆರನೆಯ ಘಟಕಗಳೂ ಇದೇ ಅಳತೆಯವು. ಇಷ್ಟಾದರೂ ದೇಶದ ಒಟ್ಟು ವಿದ್ಯುತ್ತಿನಲ್ಲಿ ಅಣು ಸ್ಥಾವರಗಳ ಪಾಲು ಶೇಕಡ 3ರ ಆಸುಪಾಸು.

ಉಳಿದಿರುವ ಪ್ರಶ್ನೆಗಳು

ಬಳಸಿದ ಕಟ್ಟುಗಳು ಏನಾಗುತ್ತವೆ? ಉಳಿಕೆಯ ಶಾಖ ಇಳಿಯುವವರೆಗೆ ಅವನ್ನು ವರ್ಷಗಟ್ಟಲೆ ಆಳವಾದ ನೀರಿನ ಕೊಳದಲ್ಲಿ ಇಡುತ್ತಾರೆ. ನಂತರ ಸಂಸ್ಕರಿಸಿ, ಯುರೇನಿಯಂ–238ರಿಂದ ಒಳಗೇ ಹುಟ್ಟಿರುವ ಪ್ಲುಟೋನಿಯಂ ಬೇರ್ಪಡಿಸುತ್ತಾರೆ. ಭಾಭಾ ರೂಪಿಸಿದ ಮೂರು ಹಂತಗಳ ಅಣುಶಕ್ತಿ ಯೋಜನೆಯ ಎರಡನೆಯ ಹಂತಕ್ಕೆ, ಅಂದರೆ ಕಲ್ಪಾಕ್ಕಂನ ವೇಗದ ನ್ಯೂಟ್ರಾನಿನ ರಿಯಾಕ್ಟರಿನಂಥವಕ್ಕೆ, ಅದೇ ಇಂಧನ. ಮೂರನೆಯ ಹಂತ ಕೇರಳದ ಮರಳಿನಲ್ಲಿ ಹೇರಳವಾಗಿರುವ ಥೋರಿಯಮ್ಮಿನದು, ಅದು ಇನ್ನೂ ದೂರ. ಯಾವುದಕ್ಕೂ ಬಾರದ ತೀವ್ರ ವಿಕಿರಣದ ಕಸವನ್ನು ಕರಗಿದ ಗಾಜಿನಲ್ಲಿ ಬೆರೆಸಿ ಗಟ್ಟಿಯಾಗಿಸಿ ಕಾಯುತ್ತಾರೆ. ಸಾವಿರಾರು ವರ್ಷ ಕಾಯಬೇಕಾದ ಈ ಕಸಕ್ಕೆ ಭೂಮಿಯಾಳದಲ್ಲಿ ಕೊನೆಯ ನೆಲೆ ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ.

ಜಾಗದ ಪ್ರಶ್ನೆಯೂ ಇದೆ. ಕೈಗಾ ಯೋಜನೆ ಬಂದಾಗ ಕಾಳಿ ಕಣಿವೆ ಆಗಲೇ ಅಣೆಕಟ್ಟುಗಳಿಗೆ ಊರನ್ನೂ ಕಾಡನ್ನೂ ಕೊಟ್ಟಿತ್ತು. ಪಶ್ಚಿಮ ಘಟ್ಟದ ನಡುವೆ ಇದು ಬೇಡವೆಂದು ದೊಡ್ಡ ಚಳವಳಿ ನಡೆಯಿತು. ಸಾಹಿತಿ ಶಿವರಾಮ ಕಾರಂತರು 87ರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಗೆಲ್ಲಲಿಲ್ಲ. ಆದರೆ ಒಂದು ಸ್ಥಾವರದ ಸುರಕ್ಷತೆ ಎಂಜಿನಿಯರುಗಳಷ್ಟೇ ಮಾತಾಡುವ ವಿಷಯವಲ್ಲ, ಅದರ ನೆರೆಯಲ್ಲಿ ಬದುಕುವವರದೂ ಹೌದೆಂಬುದು ಆ ಚುನಾವಣೆಯಿಂದ ಮನೆಮನೆಗೆ ತಲುಪಿತು. ಸುರಕ್ಷತೆಯ ನಿಯಮ ಹಾಕಿ ತಪಾಸಣೆ ಮಾಡುವ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ, ಅದರ ಕಚೇರಿ ಮುಂಬಯಿಯ ಅಣುಶಕ್ತಿನಗರದಲ್ಲಿ. ಸ್ಥಾವರ ನಡೆಸುವ ಸರ್ಕಾರದಿಂದ ಆ ಮಂಡಳಿ ಎಷ್ಟು ಸ್ವತಂತ್ರವಾಗಿರಬೇಕೆಂಬ ಚರ್ಚೆ ಇಂದಿಗೂ ನಿಂತಿಲ್ಲ.

ಪರವಾಗಿಯೋ ವಿರೋಧವಾಗಿಯೋ ನಿಲ್ಲುವುದು ನಿಮಗೆ ಬಿಟ್ಟದ್ದು. ಮುಂದಿನ ಸಲ ಯಾವುದಾದರೂ ಅಣು ಸ್ಥಾವರದಲ್ಲಿ ತೊಂದರೆಯಾಯಿತೆಂಬ ಸುದ್ದಿ ಬಂದಾಗ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿ. ಸರಪಳಿ ನಿಂತಿತೇ? ಉಳಿಕೆಯ ಶಾಖವನ್ನು ಏನು ಸಾಗಿಸುತ್ತಿದೆ, ಆ ಪಂಪಿಗೆ ಕರೆಂಟ್ ಎಲ್ಲಿಂದ? ಗೋಡೆಗಳು ಗಟ್ಟಿಯಾಗಿವೆಯೇ? ಸ್ಥಾವರದವರು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಎಲ್ಲ ಸರಿಯಾಗಿದೆ ಎಂದರೆ ಎರಡನೆಯದನ್ನು ಮತ್ತೆ ಕೇಳಿ.